ತಡೆಯದ ಗದೆ

1986ರ ಮಾರ್ಚ್ 9, ಭಾನುವಾರ, ಸಂಜೆ ಆರೂವರೆ. ಮೊರಬದ ಪಂಚಾಯ್ತಿ ಕಟ್ಟೆಯ ಟಿವಿಯಲ್ಲಿ ಗದೆ ರಕ್ಕಸನ ಬೆನ್ನಿಗೆ ಬಡಿಯಿತು. ಕಸ್ತೂರೆವ್ವ ದಡಕ್ಕನೆ ಎದ್ದು ನಿಂತಳು.

ಊರಿನ ದೊಡ್ಡಾಟದಲ್ಲಿ ರಕ್ಕಸನ ವೇಷ ಅವಳ ಗಂಡ ಶಂಕ್ರಪ್ಪನ ಮನೆತನದ್ದು; ರಕ್ಕಸನನ್ನು ಕೊಲ್ಲುವ ದೊರೆಯ ವೇಷ ಈರಬಸಪ್ಪನ ಮನೆತನದ್ದು. ಮೂರು ತಲೆಮಾರಿನಿಂದ ಅದು ಹಾಗೆಯೇ ನಡೆದು ಬಂದಿತ್ತು.

ಆಟಕ್ಕೆ ಮೊದಲು ಶಂಕ್ರಪ್ಪ ಬಣ್ಣವಿಲ್ಲದ ಮುಖದಲ್ಲಿ ಟಿವಿಯಲ್ಲಿ ಕಾಣಿಸಿಕೊಂಡಿದ್ದ. ಗಂಟಲಿನ ಕ್ಯಾನ್ಸರು ಅರೆದು ಬಿಟ್ಟ ದನಿ. "ರೋಗ ನನ್ನ ಮಾತು ತಿಂದೈತ್ರಿ. ಕುಣಿತ ತಿಂದಿಲ್ಲ." ಕ್ಷಯದ ಮಾತ್ರೆ ಬಿಟ್ಟು ಕೂತಿದ್ದ ನೆರೆಮನೆಯ ನಸೀಮಾಬಿ ಕಣ್ಣೊರೆಸಿಕೊಂಡು, "ನಾಳಿಂದ ನಾನೂ ಗುಳಿಗಿ ನುಂಗತೀನಿ ಬೇ" ಎಂದಿದ್ದಳು.

ಈಗ ಮಾತಿಲ್ಲದ ಕಾಳಗ. ಮೈಗೆ ತಾಗುವ ಮುನ್ನ ತನ್ನ ಗದೆಯನ್ನು ತಾನೇ ತಡೆಯುವುದು ದೊರೆ ವೇಷದವನ ಕಸುಬು. ಈರಬಸಪ್ಪ ಅದರಲ್ಲಿ ಎಂದೂ ತಪ್ಪಿದವನಲ್ಲ. ಆದರೆ ಇಲ್ಲಿ ಒಂದೊಂದು ಏಟೂ ಬೀಳುತ್ತಿತ್ತು. ರಕ್ಕಸ ಮೊಣಕಾಲೂರಿದ. ಮಸಿ ಬಳಿದ ಬಾಯಿಂದ ಏನೋ ಇಳಿಯಿತು. ಕಪ್ಪು-ಬಿಳುಪು ಪರದೆಯಲ್ಲೂ ಅದು ರಕ್ತವೆಂದು ಕಸ್ತೂರೆವ್ವನಿಗೆ ತಿಳಿಯಿತು.

"ಅಗದಿ ಖರೇನ ಹೊಡದಂಗ ಐತಿ ನೋಡಲೇ!" ಯಾರೋ ಚಪ್ಪಾಳೆ ತಟ್ಟಿದರು.

ಟಿವಿಯವರು ಇಬ್ಬರನ್ನೇ ಪಟ್ಟಣಕ್ಕೆ ಕರೆಸಿ ಆಟವನ್ನು ಚಿತ್ರಿಸಿಕೊಂಡದ್ದು ಹಿಂದಿನ ವಾರ. ಅಲ್ಲಿಂದ ಈರಬಸಪ್ಪ ಒಬ್ಬನೇ ಮರಳಿದ್ದ. "ಶಂಕ್ರಣ್ಣನ್ನ ಹುಬ್ಬಳ್ಳಿ ದವಾಖಾನಿಗೆ ಸೇರಿಸೇನಿ ವೈನಿ. ಗಂಟಲಿಗೆ ಕರೆಂಟ್ ಕೊಡತಾರ. ನೀ ಬರಬ್ಯಾಡ ಅಂದಾನ." ಅವಳು ನಂಬಿದ್ದಳು. ಕ್ಯಾನ್ಸರಿನ ಕರೆಂಟಿಗಲ್ಲ, ಮುರಿದ ಎಲುಬಿಗೆ ಸೇರಿಸಿದ್ದಾನೆ ಎಂದು ಈಗ ಹೊಳೆಯಿತು.

ಈರಬಸಪ್ಪ ಗುಂಪಿನ ಹಿಂದೆ, ಕಂಬಕ್ಕೂ ಒರಗದೆ ನಿಂತಿದ್ದ. ಪಕ್ಕದ ಹುಲ್ಲುಹೊರೆಯಿಂದ ಅವಳು ಕುಡಗೋಲು ಎಳೆದುಕೊಂಡಳು.

"ಸಾಯಾಕ್ಹತ್ತಿದಾವನ್ನ ಬಡದು, ಮತ್ತ ನಿಂತು ನೋಡಾಕ ಬಂದೀಯೇನಲೇ ಭಾಡ್ಯಾ!"

"ವೈನಿ, ತಡಿ! ಯಾರಿಗೂ ಹೇಳಬ್ಯಾಡ ಅಂದಾನ ಅಣ್ಣ..."

ಅವನು ತಿರುಗುವಷ್ಟರಲ್ಲಿ ಕುಡಗೋಲು ಬೆನ್ನಿಗಿಳಿಯಿತು. ಮತ್ತೆ ಎತ್ತಿದ ಕೈಯನ್ನು ನಾಲ್ವರು ಹಿಡಿದರು.

ದವಾಖಾನೆಯಲ್ಲಿ ಕಂಪೌಂಡರ್ ಅಂಗಿ ಕತ್ತರಿಸಿ ತೆಗೆದ. ಹಸಿ ಗಾಯದ ಸುತ್ತ ಬೆನ್ನೆಲ್ಲ ನೀಲಿಗಟ್ಟಿತ್ತು.

"ಇವು ವಾರದ ಹಿಂದಿನ ಪೆಟ್ಟು. ಯಾರ್ ಬಡದದ್ದೋ?"

"ಶಂಕ್ರಣ್ಣರೀ," ಈರಬಸಪ್ಪ ಹಲ್ಲು ಕಚ್ಚಿ ಹೇಳಿದ. "ಸಾಯೂದರಾಗ ಒಮ್ಮೆರ ಗೆಲ್ಲತೀನಿ ಅಂದಾ. ಅವತ್ತ ದೊರಿ ಅಂವ, ರಕ್ಕಸ ನಾನ ಆಗಿದ್ದೆ. ಬರೇ ಹೊಡಸ್ಕೊಂಡ ಬಂದಾಂವ, ಕೈ ತಡ್ಯಾಕ ಬರಲಿಲ್ಲ ಅವಂಗ."

ಹಿಡಿದವರ ಜೊತೆ ಬಾಗಿಲಿಗೆ ಬಂದಿದ್ದ ಕಸ್ತೂರೆವ್ವ ಒಳಬಂದು ಅವನ ಕತ್ತರಿಸಿದ ಅಂಗಿ ಎತ್ತಿಕೊಂಡಳು. ಕಂಪೌಂಡರ್ ಅಳತೆಪಟ್ಟಿ ಇಟ್ಟು ಅಳೆದ: ಹೆಂಡತಿಯ ಏಟು ಎರಡು ಇಂಚು, ಗಂಡನದು ಒಂಬತ್ತು.