ಸಿಳ್ಳೆ ಅಜ್ಜಿ

ಟಿವಿಯಲ್ಲಿ ರಕ್ಷಣಾ ತಂಡದವನೊಬ್ಬ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಭೂಕಂಪಕ್ಕೆ ಕುಸಿದ ವಸತಿಗೃಹದ ಅಡಿಯಿಂದ ಸಿಳ್ಳೆಯೊಂದು ಏರುತ್ತ ಏರುತ್ತ ಬಂದು ಥಟ್ಟನೆ ನಿಂತಿತು. ಇಸ್ತ್ರಿ ಹಾಕುತ್ತಿದ್ದ ಹೆಂಡತಿ ಚೀರಿದಳು: "ರೀ, ಬನ್ನಿ! ನಮ್ಮ ಸಿಳ್ಳೆ ಅಜ್ಜಿ!"

ಭೂಕಂಪವಾದ ಆ ನಗರಕ್ಕೆ ಅವರು ಹೋಗಿದ್ದು ಒಂದೇ ಸಲ, ವರ್ಷಗಳ ಹಿಂದೆ. ಮಗು ಗಂಡನ ಹತ್ತಿರ ಇದೆಯೆಂದು ಹೆಂಡತಿ, ಹೆಂಡತಿಯ ಹತ್ತಿರ ಇದೆಯೆಂದು ಗಂಡ ತಿಳಿದು, ಪೆಟ್ಟಿಗೆಗಳನ್ನೆಲ್ಲ ಜೋಪಾನವಾಗಿ ಇಳಿಸಿಕೊಂಡು, ನಿದ್ದೆಹೋಗಿದ್ದ ಮಗಳನ್ನು ಬಸ್ಸಿನಲ್ಲೇ ಬಿಟ್ಟಿದ್ದರು. ಬಸ್ಸು ಹೊರಟಾಗ ತಾಯಿಗೆ ದನಿಯೇ ಹೊರಡಲಿಲ್ಲ. ವಸತಿಗೃಹದ ಯಜಮಾನಿ ಅಜ್ಜಿ ಬಾಯಿಗೆರಡು ಬೆರಳಿಟ್ಟು ಹೊಡೆದ, ಹೀಗೇ ಏರಿ ಥಟ್ಟನೆ ನಿಲ್ಲುವ ಸಿಳ್ಳೆಗೆ ಬಸ್ಸಿರಲಿ, ಇಡೀ ಬೀದಿಯೇ ನಿಂತಿತ್ತು.

"ಸಿಳ್ಳೆ ಯಾರು ಬೇಕಾದ್ರೂ ಹೊಡೀತಾರೆ ಕಣೇ," ಎಂದ ಗಂಡ, ಆದರೂ ಕೂರಲಿಲ್ಲ. ಟಿವಿಯಲ್ಲಿ ಚಪ್ಪಡಿ ಮೇಲೆದ್ದಿತು. ಮೈಯೆಲ್ಲ ಧೂಳಾದ ಮುದುಕಿ ಹೊರಬಂದಳು. ಸ್ಟ್ರೆಚರ್ ಮೇಲೆ ಮಲಗಲು ಒಪ್ಪದೆ, ಗುಂಡಿಯತ್ತ ತಿರುಗಿ ಮತ್ತೆ ಸಿಳ್ಳೆ ಹೊಡೆದಳು. ಒಳಗಿನಿಂದ ಇನ್ನೊಂದು ಸಿಳ್ಳೆ ಉತ್ತರ ಕೊಟ್ಟಿತು. "ಅವಳೇ!" ಎಂದ ಗಂಡ. "ಒಳಗಿರೋರಿಗೂ ಕಲಿಸಿಬಿಟ್ಟಿದ್ದಾಳೆ!"

ಹೆಂಡತಿಯ ಎರಡು ಬೆರಳು ತಾವಾಗೇ ಬಾಯಿಗೆ ಹೋದವು. ಇಷ್ಟು ವರ್ಷ ಅಜ್ಜಿಯಂತೆ ಹೊಡೆಯಲು ಹೋದರೆ ಬರೀ ಉಗುಳು ಹಾರುತ್ತಿತ್ತು. ಇವತ್ತು ಕಿಟಕಿಯ ಗಾಜು ನಡುಗಿತು. ಮಹಡಿಯಿಂದ ಮಗಳು ದಡದಡ ಇಳಿದು ಬಂದು ಟಿವಿಯಲ್ಲಿದ್ದ ಮುದುಕಿಯನ್ನು ನೋಡಿದಳು. "ಯಾರಮ್ಮಾ ಅದು?"

"ನಿನ್ನ ಬಸ್ಸು ನಿಲ್ಲಿಸಿದವಳು. ಬದುಕಿದ್ದಾಳೆ ಕಣೇ!"