ಇನ್ನೂ ಬಡಿಯುತ್ತಿದೆ

ರಬ್ಬರ್ ಕೊಳವೆಯ ಒಂದು ತುದಿ ಹೊಲಿಗೆಯಾಕೆಯ ಬಲಗಿವಿಯಲ್ಲಿತ್ತು, ಇನ್ನೊಂದು ಡಾಕ್ಟರ ಎಡಗಿವಿಯಲ್ಲಿ. ಡಾಕ್ಟರು ಕಣ್ಣು ಮುಚ್ಚಿ, ಆಕೆಯ ನಾಡಿಯ ಮೇಲೆ ಬೆರಳಿಟ್ಟು ಕೂತಿದ್ದರು.

"ಕೇಳಿಸ್ತಿದೆ. ಧಬ್, ಧಬ್. ನಾಡಿ ಜೊತೆಗೇ ಬಡೀತಿದೆ."

ಆಕೆ ಗಂಡನ ಕಡೆ ತಿರುಗಿದಳು. "ಕೇಳಿದ್ರಾ? ಭ್ರಮೆ ಭ್ರಮೆ ಅಂತ ತಲೆ ತಿಂದ್ರಲ್ಲ!"

ಭ್ರಮೆಯಲ್ಲ, ಗೆಡ್ಡೆ. ಕಿವಿದೆರೆಯ ಹಿಂದೆ ಕೆಂಪಗೆ, ಕಡಲೆಕಾಳಿಗಿಂತ ಚಿಕ್ಕದು, ಬರೀ ರಕ್ತನಾಳಗಳ ಗಂಟು. ಇಂಥದ್ದು ಅಪರೂಪ. ಕೊಳವೆಯಿಟ್ಟು ಪತ್ತೆ ಹಚ್ಚುವ ಡಾಕ್ಟರು ಇನ್ನೂ ಅಪರೂಪ. ಯಂತ್ರ ಸುಳ್ಳು ಹೇಳಬಹುದು, ನನ್ನ ಕಿವಿ ಹೇಳಲ್ಲ ಎನ್ನುವುದು ಇವರ ಮಾತು.

"ಸಾರ್, ನನಗಿರೋದು ಇದೊಂದೇ ಕಿವಿ." ಎಡಗಿವಿ ಚಿಕ್ಕಂದಿನ ಜ್ವರದಲ್ಲೇ ಹೋಗಿತ್ತು. "ಮಗಳು ಈಗಷ್ಟೇ ಮಾತು ಕಲೀತಿದ್ದಾಳೆ."

"ಏನಂದ್ರಿ? ಹಾಂ, ಕಿವಿ! ಉಳಿಸಿಕೊಡೋದು ನನ್ನ ಜವಾಬ್ದಾರಿ!"

"ಕಾಯಿಲೆ ನನ್ನ ಕಿವಿಗೆ ತಾನೇ ಸಾರ್? ನೀವ್ಯಾಕೆ ಇಷ್ಟು ಕೂಗ್ತೀರಿ?"

ನರ್ಸಮ್ಮ ಮುಖ ತಿರುಗಿಸಿ ನಕ್ಕರು.

ಡಾಕ್ಟರು ಮಾತು ಉಳಿಸಿಕೊಂಡರು. ಗೆಡ್ಡೆ ಹೊರಬಂತು, ಕಿವಿಯೊಳಗಿನ ಪುಟ್ಟ ಮೂಳೆಗಳು ಉಳಿದವು. ಹೊಲಿಗೆ ಯಂತ್ರ ತುಳಿಯುತ್ತಿದ್ದರೂ ಆಕೆಗೆ ಮಗಳ ಪಿಸುಮಾತು ಕೇಳುತ್ತಿತ್ತು.

"ಒಳಗೆ ಈಗ ಗಪ್‌ಚಿಪ್ ಸಾರ್," ಎಂದಳು ತಪಾಸಣೆಗೆ ಬಂದಾಗ.

ಡಾಕ್ಟರು ಕೊಳವೆ ಹಚ್ಚಿ ಕಣ್ಣು ಮುಚ್ಚಿದರು. ಹೊರಗಿನ ಗದ್ದಲ ಅಡಗಿದ ಕೂಡಲೇ ಸದ್ದು ಎದ್ದುಬಂತು. ಬೆರಳು ಈ ಸಲ ನಾಡಿಯ ಮೇಲಿರಲಿಲ್ಲ. ಇಷ್ಟು ಸ್ಪಷ್ಟವಾದದ್ದಕ್ಕೆ ಸಾಕ್ಷಿ ಯಾಕೆ?

"ಇನ್ನೂ ಬಡೀತಿದೆ."

"ನನಗೆ ಕೇಳಿಸ್ತಿಲ್ವಲ್ಲ?"

"ನಿಮಗೆ ಅಭ್ಯಾಸ ಆಗ್ಹೋಗಿದೆ. ಬೇರು ಉಳಿದಿದೆ. ಬಿಟ್ರೆ ತಲೆಗೇ ಏರುತ್ತೆ."

ಸ್ಕ್ಯಾನಿನಲ್ಲಿ ಒಂದು ಮಸುಕು ಕಲೆ ಕಂಡಿತು. ಮಾಯುತ್ತಿರುವ ಗಾಯವೂ ಇರಬಹುದು, ಗೆಡ್ಡೆಯೂ ಇರಬಹುದು. ಸ್ವಲ್ಪ ಕಾದು ನೋಡೋಣ ಎಂದು ಗಂಡ ಗೋಗರೆದ.

"ನಿಮಗೆ ಹೆಂಡ್ತಿ ಬೇಕೋ, ಹೆಂಡ್ತಿ ಕಿವಿ ಬೇಕೋ?"

ಗಂಡ ಬಾಯಿ ಬಿಡುವ ಮೊದಲೇ ಆಕೆ ಉತ್ತರಿಸಿದಳು. "ತೆಗೆದುಬಿಡಿ ಸಾರ್. ಮಗಳಿಗೆ ಅಮ್ಮ ಇರ್ಲಿ."

ಆಸ್ಪತ್ರೆಗೆ ಹೊರಡುವ ಮುನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದಕ್ಕೆ ಬರುವ ಮಾತನ್ನೆಲ್ಲ ಒಂದೊಂದಾಗಿ ಹೇಳಿಸಿದಳು. ಮಗುವಿಗೆ ಬೇಜಾರಾಯಿತು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹೇಳಿಸಿದಳು.

ಈ ಸಲ ಡಾಕ್ಟರು ಏನನ್ನೂ ಉಳಿಸಲಿಲ್ಲ. ತೆರೆ, ಮೂಳೆ, ಅದರಾಚೆಗಿನ ಒಳಗಿವಿಯವರೆಗೂ ಕೊರೆದು ಕೆರೆದು ತೆಗೆದರು.

ಪಟ್ಟಿ ಬಿಚ್ಚುವ ದಿನ ಗಂಡ ಗೋಡೆಗೊರಗಿ ನಿಂತಿದ್ದ. ನರ್ಸಮ್ಮ ಕೊನೆಯ ಸುತ್ತು ಬಿಡಿಸುತ್ತಿದ್ದರು. ಅಷ್ಟು ಹೊತ್ತು ಕಾಯಲಾಗದೆ ಡಾಕ್ಟರು ಕೊಳವೆಯ ಒಂದು ತುದಿಯನ್ನು ನರ್ಸಮ್ಮನ ಕೈಗಿತ್ತು, ಇನ್ನೊಂದನ್ನು ತಮ್ಮ ಕಿವಿಗೆ ತುರುಕಿಕೊಂಡು ಕಣ್ಣು ಮುಚ್ಚಿದರು. ಹುಬ್ಬು ಗಂಟಾಯಿತು.

"ಪೂರ್ತಿ ಹೋಯ್ತಲ್ವಾ ಸಾರ್?" ತನ್ನ ದನಿ ತನಗೇ ಕೇಳದೆ ಆಕೆ ಕಿರುಚಿದಳು.

"ಇಲ್ಲ. ಇನ್ನೂ ಬಡೀತಿದೆ."

ನರ್ಸಮ್ಮನ ಮುಖದಲ್ಲಿ ರಕ್ತವಿರಲಿಲ್ಲ. "ಸಾರ್, ಕೊಳವೆಯ ಆ ತುದಿ ಇನ್ನೂ ನನ್ನ ಕೈಯಲ್ಲೇ ಇದೆ."