ಅವರೆಕಾಳಿನ ಬಿಳಿ ಪಟ್ಟೆ

ಅವರೆಕಾಯಿಯ ಸೊಗಡು ಬೆರಳಿಗೆ ಅಂಟಿದಾಗಲೆಲ್ಲ ರಾಜಾನುಕುಂಟೆಯ ನಮ್ಮ ಮನೆ ಜಗಲಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಆರನೇ ಕ್ಲಾಸು. ಬೀಜದ ಚಿತ್ರ ಬರೆದುಕೊಂಡು ಬನ್ನಿ ಎಂದಿದ್ದರು ಸೈನ್ಸ್ ಮಿಸ್. ನಾನು ಮನೆಯಲ್ಲಿದ್ದ ಅವರೆಕಾಳನ್ನೇ ನೋಡಿ ಬರೆದಿದ್ದೆ. ಅದರ ಅಂಚಿನ ಉದ್ದನೆಯ ಬಿಳಿ ಪಟ್ಟೆಯ ಮೇಲೆ ಮಿಸ್ ಕೆಂಪು ಇಂಕಿನಲ್ಲಿ ಇಂಟು ಹಾಕಿದರು.

"ಪುಸ್ತಕದ ಬೀಜದಲ್ಲಿ ಅಲ್ಲಿ ಬರೀ ಚುಕ್ಕೆ ಇದೆ. ಅದನ್ನ ನೋಡ್ಕೊಂಡು ಬರಿ, ನಾಳೆ ತೋರಿಸು."

ಮನೆಗೆ ಬಂದಾಗ ಅಜ್ಜಿ ಸಾರಿಗೆಂದು ನೆನೆಸಿದ ಕಾಳು ಹಿದುಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಕಾಳು ಎತ್ತಿ ನೋಡತೊಡಗಿದೆ. ನೆನೆದ ಸಿಪ್ಪೆ ಬೆರಳಲ್ಲಿ ಜಾರುತ್ತಿತ್ತು. ಆದರೆ ಪಟ್ಟೆ ಎಲ್ಲದರಲ್ಲೂ ಇತ್ತು.

"ಏನೇ ಅದು, ಕಾಳ್‌ನ ಇಂಗ್ ನೋಡ್ತೀಯ?"

ನಡೆದದ್ದನ್ನು ಹೇಳಿದೆ. ಅಜ್ಜಿಯ ಕೈ ನಿಂತಿತು.

"ಕಾಯಿಗೆ ಅಂಟ್ಕೊಂಡು ಬೆಳ್ದಿದ್ ಜಾಗ ಕಣೇ ಅದು. ನಿಂಗೆ ಒಕ್ಕಳಿಲ್ವಾ, ಅಂಗೆ."

"ಪುಸ್ತಕದಲ್ಲಿ ಇಲ್ವಲ್ಲಜ್ಜಿ."

"ಪುಸ್ತಕದೋರು ನಮ್ಮ ಅವರೆ ನೋಡವ್ರಾ? ಓಗಿ ತೋರ್ಸು."

ಪೆನ್ಸಿಲ್ಲಿನ ಪಟ್ಟೆಯನ್ನು ನಾನು ಅಳಿಸಲಿಲ್ಲ. ಅದರ ಮೇಲೆಯೇ ಪೆನ್ನಿನಿಂದ ಒತ್ತಿ ಗೆರೆ ಎಳೆದೆ. ಆಮೇಲೆ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲು, ಕೈವಾರ ಎಲ್ಲ ಸುರಿದು, ಹಿದುಕದ ಕಾಳುಗಳನ್ನು ಎಣಿಸಿ ಎಣಿಸಿ ತುಂಬಿಕೊಂಡೆ.

"ಸಾರಿಗೂ ಒಂದಿಷ್ಟು ಬಿಡೇ," ಎಂದಳು ಅಜ್ಜಿ. "ನಿಮ್ ಮಿಸ್ಸಿಗೆ ಒಂದ್ ಕಾಳು ಸಾಲ್ದಾ?"

"ಮಿಸ್ಸಿಗೆ ಒಂದು ಸಾಕು," ಎಂದೆ. "ಕ್ಲಾಸಲ್ಲಿ ನಲವತ್ತೆರಡು ಜನ ಇದ್ದೀವಿ."